ಕಾಫಿಗೆ ಕಾಳುಮೆಣಸು: ಯಾರಿಗೆ ಹಿತ, ಯಾರಿಗೆ ಎಚ್ಚರ?

ಮಳೆ ಹಿಡಿದ ಮೇಲೆ ಮನೆಯಲ್ಲಿ ಒಬ್ಬರು ಸೀನಲು ತೊಡಗಿದರೆ ಸಾಕು, ಅಡುಗೆಮನೆಯಿಂದ ಕುಟ್ಟಾಣಿಯ ಸದ್ದು ಕೇಳಿಸುತ್ತದೆ. ನಾಲ್ಕು ಕಾಳುಮೆಣಸು, ಒಂದು ತುಂಡು ಒಣಶುಂಠಿ, ಒಂದಿಷ್ಟು ಬೆಲ್ಲ, ಕೊನೆಗೆ ಅರ್ಧ ಚಮಚ ಕಾಫಿಪುಡಿ. ಮಲಬಾರಿನವರು ಇದನ್ನು ಚುಕ್ಕು ಕಾಪಿ ಎನ್ನುತ್ತಾರೆ. ಕರಾವಳಿಯ ಬ್ಯಾರಿ ಮನೆಗಳಿಗೂ ಕೊಡಗಿನ ಮನೆಗಳಿಗೂ ಇದು ಹೊಸದಲ್ಲ. ಹಾಲು ಹಾಕಿದ ಮಾಮೂಲಿ ಕಾಫಿಗೇ ಚಿಟಿಕೆ ಕಾಳುಮೆಣಸಿನ ಪುಡಿ ಸೇರಿಸಿ ಕುಡಿಯುವವರೂ ಇದ್ದಾರೆ.

ಈಚೆಗೆ ಈ ಹಳೆಯ ಪಾನೀಯಕ್ಕೆ ಹೊಸ ಹೊಸ ಬಿರುದುಗಳು ಬಂದಿವೆ. ಬೊಜ್ಜು ಕರಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ, ಕಫ ಬೇರು ಸಹಿತ ಹೋಗುತ್ತದೆ ಎಂಬ ಸಂದೇಶಗಳು ನಿಮ್ಮ ಮೊಬೈಲ್‌ಗೂ ಬಂದಿರಬಹುದು. 2020ರಲ್ಲಿ ಬಂದದ್ದು ನೆನಪಿದೆಯೇ? ಪುದುಚೇರಿಯ ವಿದ್ಯಾರ್ಥಿಯೊಬ್ಬ ಕಾಳುಮೆಣಸು, ಜೇನು ಮತ್ತು ಶುಂಠಿ ರಸದಿಂದ ಕೊರೊನಾಕ್ಕೆ ಮದ್ದು ಕಂಡುಹಿಡಿದಿದ್ದಾನೆ, ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ ಎಂಬ ಆ ಸಂದೇಶ ಎಷ್ಟು ಕುಟುಂಬಗಳ ಗ್ರೂಪ್‌ಗಳಲ್ಲಿ ಓಡಾಡಿತು! ಅದು ಸುಳ್ಳೆಂದು ಸರ್ಕಾರದ ಸುದ್ದಿ ಪರಿಶೀಲನಾ ವಿಭಾಗವೇ ಹೇಳಬೇಕಾಯಿತು.

ಕಾಳುಮೆಣಸಿನ ಕಾಫಿ ಕುಡಿಯಬಾರದೆಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಶೀತವಾದಾಗ ನಾನೂ ಕುಡಿಯುತ್ತೇನೆ. ಅದು ಹಿತವಾದ ಪಾನೀಯ, ರೋಗ ವಾಸಿ ಮಾಡುವ ಔಷಧಿಯಲ್ಲ. ಆದರೆ ಔಷಧಿಯಲ್ಲ ಎಂದ ಮಾತ್ರಕ್ಕೆ ಅದು ದೇಹದಲ್ಲಿ ಏನೂ ಮಾಡುವುದಿಲ್ಲ ಎಂದೂ ಅಲ್ಲ. ನೀವು ನುಂಗುವ ಕೆಲವು ಮಾತ್ರೆಗಳ ಮೇಲೆ ಅದು ಕೈಯಾಡಿಸುತ್ತದೆ. ಮನೆಯಲ್ಲಿ ನಿತ್ಯ ಮಾತ್ರೆ ನುಂಗುವ ಹಿರಿಯರಿದ್ದರೆ ಈ ವಿಷಯ ತಿಳಿದಿರಬೇಕು.

ಒಂದೇ ತೋಟದ ಎರಡು ಬೆಳೆ

ಕಾಫಿ ಮತ್ತು ಕಾಳುಮೆಣಸು ಲೋಟದಲ್ಲಿ ಸೇರುವ ಮೊದಲೇ ತೋಟದಲ್ಲಿ ಸೇರಿರುತ್ತವೆ. ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳಲ್ಲಿ ಕಾಫಿ ಗಿಡಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಮೆಣಸು ಈ ಘಟ್ಟದ್ದೇ ಬೆಳೆ, ಕಾಫಿ ಹೊರಗಿನಿಂದ ಬಂದದ್ದು. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಹಜ್ ಯಾತ್ರೆಯಿಂದ ಮರಳುವಾಗ ಯೆಮನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿ ನಿಮಗೆ ಗೊತ್ತೇ ಇದೆ.

ಕಾಫಿಗೆ ಮಸಾಲೆ ಬೆರೆಸುವುದು ನಮ್ಮವರಷ್ಟೇ ಮಾಡುವ ಕೆಲಸವೂ ಅಲ್ಲ. ಗಲ್ಫ್‌ನಲ್ಲಿ ದುಡಿದು ಬಂದವರಿಗೆ ಏಲಕ್ಕಿ ಹಾಕಿದ ಗಹ್ವಾದ ರುಚಿ ಗೊತ್ತು. ಯೆಮನ್‌ನಲ್ಲಿ ಕಾಫಿಯ ಒಣಸಿಪ್ಪೆಯನ್ನು ಶುಂಠಿಯೊಂದಿಗೆ ಕುದಿಸಿ ಕಿಶ್ರ್ ಮಾಡುತ್ತಾರೆ. ಮೊರಾಕ್ಕೋದವರ ಮಸಾಲೆ ಕಾಫಿಯಲ್ಲಿ ಕಾಳುಮೆಣಸೂ ಇರುತ್ತದೆ. ಆಫ್ರಿಕದ ಸೆನೆಗಲ್‌ನಲ್ಲಿ ಕಫೆ ತೂಬಾ ಎಂಬ ಖಾರದ ಕಾಫಿ ಬೀದಿಬೀದಿಯಲ್ಲೂ ಸಿಗುತ್ತದೆ. 1887ರಲ್ಲಿ ಶೇಖ್ ಅಹ್ಮದು ಬಂಬಾ ಸ್ಥಾಪಿಸಿದ ತೂಬಾ ನಗರದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಆದರೆ ಅವರು ಹಾಕುವುದು ನಮ್ಮ ಬಳ್ಳಿಯ ಮೆಣಸಲ್ಲ, ಅಲ್ಲಿನ ಒಂದು ಮರದ ಖಾರದ ಕಾಯಿ.

ಮಾಡುವುದು ಹೇಗೆ?

ಎಷ್ಟೋ ಜನ ಕಾಫಿ ಬೆರೆಸಿ ಲೋಟಕ್ಕೆ ಹಾಕಿದ ಮೇಲೆ ಮೇಲಿನಿಂದ ಕಾಳುಮೆಣಸಿನ ಪುಡಿ ಉದುರಿಸುತ್ತಾರೆ. ಇದು ಸರಿಯಾದ ಕ್ರಮವಲ್ಲ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಎಂಬ ಅಂಶ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಮೇಲೆ ಉದುರಿಸಿದ ಪುಡಿ ತೇಲುತ್ತಾ ಮೊದಲ ಗುಟುಕಿಗೇ ಗಂಟಲಿಗೆ ಹತ್ತಿ ಕೆಮ್ಮು ಬರಿಸುತ್ತದೆ, ಉಳಿದದ್ದು ತಳದಲ್ಲಿ ಕೂರುತ್ತದೆ.

ಇನ್ನೊಂದು ಕಾರಣ ಶುಚಿತ್ವದ್ದು. ಮೆಣಸನ್ನು ಕೊಯ್ದು ಅಂಗಳದಲ್ಲಿ, ಕಣದಲ್ಲಿ ಹರಡಿ ಒಣಗಿಸುತ್ತಾರೆ. ಕೋಳಿ, ಹಕ್ಕಿ, ಇಲಿ ಎಲ್ಲವೂ ಅಲ್ಲಿ ಓಡಾಡುತ್ತವೆ. ಒಣಗಿದ ಕಾಳಿನ ಮೇಲೆ ಸಾಲ್ಮೊನೆಲ್ಲಾದಂತಹ ರೋಗಾಣುಗಳು ಬಹುಕಾಲ ಬದುಕಿರಬಲ್ಲವು. 2009-10ರಲ್ಲಿ ಅಮೆರಿಕದಲ್ಲಿ ಮಾಂಸದ ತಿನಿಸಿಗೆ ಸವರಿದ್ದ ಮೆಣಸಿನಿಂದಲೇ ನೂರಾರು ಜನರಿಗೆ ವಾಂತಿಭೇದಿ ಬಂದಿತ್ತು. ಆದ್ದರಿಂದ ಮೆಣಸನ್ನು ಹಾಲಿನಲ್ಲೋ ನೀರಿನಲ್ಲೋ ಹಾಕಿ ಕುದಿಸಿರಿ.

ಹಾಲಿನ ಕಾಫಿಗೆ ಒಂದು ಲೋಟಕ್ಕೆ ಎರಡು ಅಥವಾ ಮೂರು ಕಾಳು ಸಾಕು. ಕುಟ್ಟಾಣಿಯಲ್ಲಿ ಜಜ್ಜಿರಿ, ನುಣ್ಣಗೆ ಪುಡಿ ಮಾಡುವ ಅಗತ್ಯವಿಲ್ಲ. ಹಾಲಿಗೆ ಹಾಕಿ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ, ಆಮೇಲೆ ಡಿಕಾಕ್ಷನ್ ಬೆರೆಸಿರಿ. ಮೆಣಸನ್ನು ಕಾಫಿಪುಡಿಯ ಜೊತೆ ಫಿಲ್ಟರ್‌ಗೇ ಹಾಕಬೇಡಿ. ತೂತುಗಳಲ್ಲಿ ಚೂರು ಸಿಕ್ಕಿಕೊಂಡರೆ ಮರುದಿನ ಬಂದ ನೆಂಟರಿಗೂ ಖಾರದ ಕಾಫಿಯೇ!

ಚುಕ್ಕು ಕಾಪಿಗೆ ಹಾಲು ಬೇಡ. ಎರಡು ಲೋಟ ನೀರಿಗೆ ಹೆಬ್ಬೆರಳಿನ ತುದಿಯಷ್ಟು ಒಣಶುಂಠಿ, ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ ನೀರು ಕಾಲುಭಾಗ ಇಂಗುವವರೆಗೆ ಕುದಿಸಿ. ಬೇಕಿದ್ದರೆ ಸ್ವಲ್ಪ ಕೊತ್ತಂಬರಿ ಬೀಜ, ನಾಲ್ಕು ತುಳಸಿ ಎಲೆ ಹಾಕಬಹುದು. ಬೆಲ್ಲ ಕರಗಿದ ಮೇಲೆ ಕಾಫಿಪುಡಿ ಹಾಕಿ, ಒಂದು ಕುದಿ ಬಂದೊಡನೆ ಇಳಿಸಿ ಮುಚ್ಚಿಡಿ. ಕಾಫಿಪುಡಿಯನ್ನು ಮೊದಲೇ ಹಾಕಿ ಹತ್ತು ನಿಮಿಷ ಕುದಿಸಿದರೆ ಕಹಿ ಏರುತ್ತದೆ, ಆ ಕಹಿ ಮುಚ್ಚಲು ಮತ್ತಷ್ಟು ಬೆಲ್ಲ ಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಬೆಲ್ಲವನ್ನೂ ಸಕ್ಕರೆಯೆಂದೇ ಲೆಕ್ಕ ಹಾಕಬೇಕು. ಬೆಲ್ಲ ಹಾಕಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಮನೆಗಳಲ್ಲಿದೆ, ಅದು ತಪ್ಪು. ಹಾಲಿನ ಕಾಫಿಗೆ ಬೆಲ್ಲ ಹಾಕುವುದಾದರೆ ಹಾಲನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಒಡೆಯಬಹುದು.

ಕುಡಿದಾಗ ಹಿತವೆನಿಸುವುದೇಕೆ?

ನಮ್ಮ ನಾಲಿಗೆ, ಮೂಗು, ಗಂಟಲಿನ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಸೂಕ್ಷ್ಮ ದ್ವಾರಗಳಿವೆ. ಪೈಪರಿನ್ ತಗುಲಿದಾಗ ಅವು ತೆರೆದುಕೊಂಡು ‘ಬಿಸಿ ತಾಗಿತು’ ಎಂಬ ಸುದ್ದಿಯನ್ನು ಮೆದುಳಿಗೆ ಕಳುಹಿಸುತ್ತವೆ. ಮೂಗಿನಲ್ಲಿ ನೀರು ಬರುತ್ತದೆ, ಕಟ್ಟಿದ ಕಫ ಸಡಿಲವಾದಂತೆ ಅನಿಸುತ್ತದೆ, ಹಣೆಯಲ್ಲಿ ಸಣ್ಣಗೆ ಬೆವರು. ‘ಮೈ ಬಿಸಿಯಾಯಿತು’ ಎನ್ನುವುದು ಇದನ್ನೇ.

ಬಿಸಿ ಪಾನೀಯಕ್ಕೆ ಅದರದ್ದೇ ಗುಣವಿದೆ. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಶೀತ ಸಂಶೋಧನಾ ಕೇಂದ್ರದವರು ನೆಗಡಿಯಾದವರಿಗೆ ಒಂದೇ ಹಣ್ಣಿನ ಪಾನೀಯವನ್ನು ಬಿಸಿಯಾಗಿಯೂ ತಣ್ಣಗೂ ಕೊಟ್ಟು ನೋಡಿದರು. ಬಿಸಿಯಾಗಿ ಕುಡಿದವರಿಗೆ ಕೆಮ್ಮು, ಸೀನು, ಗಂಟಲು ನೋವು, ಚಳಿ, ಸುಸ್ತು ಎಲ್ಲವೂ ಕಡಿಮೆಯಾದಂತೆ ಅನಿಸಿತು. ಆದರೆ ಮೂಗಿನಲ್ಲಿ ಗಾಳಿ ಹರಿಯುವುದನ್ನು ಯಂತ್ರದಿಂದ ಅಳೆದಾಗ ಬದಲಾವಣೆ ಇರಲಿಲ್ಲ. ಹಿತ ಸಿಕ್ಕಿತು, ಶೀತ ಹೋಗಲಿಲ್ಲ. ನೆಗಡಿ ತನ್ನ ವಾರವನ್ನು ಮುಗಿಸಿಯೇ ಹೋಗುತ್ತದೆ.

ಹಾಗಿದ್ದೂ ಕೆಮ್ಮು ಎರಡು ವಾರ ದಾಟಿದರೆ ಕುಟ್ಟಾಣಿಯನ್ನು ಬದಿಗಿಡಿ. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು ಕ್ಷಯದ ಲಕ್ಷಣವಿರಬಹುದು. ಕಫದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಷಾಯ, ಚುಕ್ಕು ಕಾಪಿ ಎಂದು ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಸೋಂಕು ತಗುಲಿರುತ್ತದೆ.

ಮಾತ್ರೆ ನುಂಗುವವರು ಇದನ್ನು ಓದಲೇಬೇಕು

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಪ್ರಯೋಗ ನಡೆಯಿತು. ಅರಿಶಿನದ ಸಾರವಾದ ಕರ್ಕ್ಯುಮಿನ್ ಅನ್ನು ಹಾಗೆಯೇ ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತ ಸೇರಿದ ಪ್ರಮಾಣ ಶೇ. 2000ದಷ್ಟು ಏರಿತು. ‘ಅರಿಶಿನಕ್ಕೆ ಕಾಳುಮೆಣಸು ಸೇರಿಸಿ’ ಎಂದು ಇಂದು ಎಲ್ಲರೂ ಹೇಳುವುದಕ್ಕೆ ಮೂಲ ಈ ಪ್ರಯೋಗ.

ಇದನ್ನು ಕೇಳಿದವರು ಅರ್ಧ ಸಂಗತಿಯನ್ನಷ್ಟೇ ನೆನಪಿಟ್ಟುಕೊಂಡರು. ಪೈಪರಿನ್‌ಗೆ ಅರಿಶಿನದ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ. ನಾವು ನುಂಗಿದ ಹೊರಗಿನ ವಸ್ತುಗಳನ್ನು ಒಡೆದು ಹೊರಹಾಕಲು ಕರುಳಿನ ಗೋಡೆಯಲ್ಲೂ ಯಕೃತ್ತಿನಲ್ಲೂ ಕೆಲವು ಕಿಣ್ವಗಳಿವೆ, ಅವು ನಮ್ಮ ದೇಹದ ಕಾವಲುಗಾರರು. ಪೈಪರಿನ್ ಈ ಕಾವಲುಗಾರರ ಕೈ ಹಿಡಿದು ನಿಲ್ಲಿಸುತ್ತದೆ. ಆಗ ಅರಿಶಿನ ಒಳಗೆ ಬರುವಂತೆ ಮಾತ್ರೆಯ ಔಷಧಿಯೂ ವೈದ್ಯರು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಾಗಿ ಒಳಗೆ ಬರುತ್ತದೆ, ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ.

ದಿನಕ್ಕೆ 20 ಮಿಲಿಗ್ರಾಂ ಪೈಪರಿನ್‌ನಂತೆ ಏಳು ದಿನ ಕೊಟ್ಟು ನೋಡಿದಾಗ ಎರಡು ಔಷಧಿಗಳ ಮಟ್ಟ ರಕ್ತದಲ್ಲಿ ಏರಿದ್ದು ಕಂಡುಬಂದಿದೆ. ಒಂದು ಪ್ರೊಪ್ರನೊಲಾಲ್. ರಕ್ತದೊತ್ತಡ, ಎದೆಬಡಿತ, ಕೈ ನಡುಕ, ಅರೆತಲೆನೋವಿಗೆ ಇದನ್ನು ಕೊಡುತ್ತಾರೆ. ಇನ್ನೊಂದು ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್. ಮೂರ್ಛೆರೋಗದ ಫೆನಿಟೋಯಿನ್ ಮಾತ್ರೆಯನ್ನು ಕಾಳುಮೆಣಸು ಹಾಕಿದ ಸೂಪ್‌ನ ಜೊತೆ ಕೊಟ್ಟು ನೋಡಿದ ಅಧ್ಯಯನದಲ್ಲೂ ಅದೇ ಕಂಡಿತು. ಜಮ್ಮುವಿನ ವಿಜ್ಞಾನಿಗಳು ಈ ಗುಣವನ್ನು ಒಳ್ಳೆಯದಕ್ಕೇ ಬಳಸಿಕೊಂಡರು. ಪೈಪರಿನ್ ಬೆರೆಸಿ, ಕ್ಷಯದ ರಿಫಾಂಪಿಸಿನ್ ಔಷಧಿಯನ್ನು 450 ಮಿಲಿಗ್ರಾಂ ಬದಲು 200 ಮಿಲಿಗ್ರಾಂ ಕೊಟ್ಟರೂ ಸಾಕಾಗುವಂತಹ ಮಾತ್ರೆ ತಯಾರಿಸಿದರು. ಇದನ್ನು ಓದಿ ಕ್ಷಯರೋಗಿಗಳು ಮಾತ್ರೆ ಕಡಿಮೆ ಮಾಡಿ ಮೆಣಸು ತಿನ್ನಲು ಹೋಗಬೇಡಿ. ಅದು ಅಳತೆ ಮಾಡಿ ಮಾಡಿದ ಕೆಲಸ.

ಇವುಗಳಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಉಬ್ಬಸದ ಮಾತ್ರೆ. ಡೆರಿಫಿಲಿನ್ ಎಂಬ ಹೆಸರಿನಲ್ಲಿ ಎಷ್ಟೋ ಮನೆಗಳ ಮಾತ್ರೆ ಡಬ್ಬಿಯಲ್ಲಿ ಇರುವುದರಲ್ಲಿ ಥಿಯೋಫಿಲಿನ್ ಇದೆ. ಥಿಯೋಫಿಲಿನ್ ಮತ್ತು ಕಾಫಿಯ ಕೆಫೀನ್ ಒಂದೇ ಕುಟುಂಬದ ರಾಸಾಯನಿಕಗಳು, ಎರಡೂ ಎದೆಬಡಿತ ಏರಿಸುತ್ತವೆ, ಎರಡನ್ನೂ ಯಕೃತ್ತಿನ ಒಂದೇ ಕಿಣ್ವ ಒಡೆಯಬೇಕು. ಈಗ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಅಜ್ಜನಿಗೆ ಮಳೆಗಾಲದ ಉಬ್ಬಸ. ಮಾತ್ರೆ ನುಂಗಿದ್ದಾರೆ. ಕೆಮ್ಮು ನಿಲ್ಲಲಿಲ್ಲವೆಂದು ಸೊಸೆ ಪ್ರೀತಿಯಿಂದ ಎಂಟು ಹತ್ತು ಕಾಳು ಹಾಕಿ ಗಟ್ಟಿಯಾದ ಕಾಫಿ ಕೊಡುತ್ತಾಳೆ. ಮಾತ್ರೆಯೂ, ಕಾಫಿಯೂ, ಎರಡನ್ನೂ ಹಿಡಿದಿಡುವ ಮೆಣಸೂ ಒಟ್ಟಿಗೆ ಸೇರಿದವು. ಮಧ್ಯರಾತ್ರಿ ಎದೆ ಡವಡವ, ಕೈ ನಡುಕ, ವಾಕರಿಕೆ, ನಿದ್ದೆಯಿಲ್ಲ. ಮನೆಯವರು ಹೃದಯಾಘಾತವೋ ಎಂದು ಹೆದರುತ್ತಾರೆ. ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನುಂಗಿದ ಮಾತ್ರೆಯ ಜೊತೆ ಕುಡಿದ ಕಾಫಿ ಮತ್ತು ಮೆಣಸಿನ ವಿಷಯವನ್ನೂ ವೈದ್ಯರಿಗೆ ಹೇಳಿ. ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ, ಅದು ಮನೆಮದ್ದಲ್ಲವೇ!

ಎಷ್ಟಾದರೆ ಹೆಚ್ಚು? ಒಂದು ಕಾಳುಮೆಣಸು ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಶೇ. 5ರಷ್ಟು ಪೈಪರಿನ್ ಎಂದರೆ ಒಂದು ಕಾಳಿಗೆ ಎರಡೂವರೆ ಮಿಲಿಗ್ರಾಂ. ಎಂಟು ಕಾಳಿಗೆ ಪ್ರಯೋಗಗಳಲ್ಲಿ ಕೊಟ್ಟ 20 ಮಿಲಿಗ್ರಾಂ ಆಗಿಬಿಡುತ್ತದೆ. ಕುದಿಸಿ ಸೋಸುವಾಗ ಎಲ್ಲವೂ ಕಾಫಿಗೆ ಇಳಿಯುವುದಿಲ್ಲ, ನಿಜ. ಆದರೂ ಎರಡು ಮೂರು ಕಾಳಿಗೂ ಹತ್ತು ಕಾಳಿಗೂ ಇರುವ ವ್ಯತ್ಯಾಸ ಖಾರದ್ದು ಮಾತ್ರವಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಮೇಲೆ ಹೇಳಿದ ಮಾತ್ರೆಗಳನ್ನು ನುಂಗುವವರು ಮೆಣಸಿನ ಕಾಫಿಯನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಸಾರಿಗೆ ಹಾಕುವ ಚಿಟಿಕೆ ಮೆಣಸಿಗೆ ಹೆದರಬೇಕಿಲ್ಲ.

ಥೈರಾಯ್ಡ್ ಮಾತ್ರೆಯ ಕಥೆ ಬೇರೆ. ಅಲ್ಲಿ ತೊಂದರೆ ಕೊಡುವುದು ಮೆಣಸಲ್ಲ, ಕಾಫಿ. ಮಾತ್ರೆಯ ಜೊತೆಗೇ ಕಾಫಿ ಕುಡಿದರೆ ಔಷಧಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ.

ತಾಯಂದಿರು, ಮಕ್ಕಳು

ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಊಟ ಮುಗಿದೊಡನೆ ಕಾಫಿ ಕುಡಿಯುವ ಅಭ್ಯಾಸ ಇದಕ್ಕೆ ನೀರೆರೆಯುತ್ತದೆ. ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣಾಂಶದ ಹೀರಿಕೆ ಶೇ. 39ರಷ್ಟು ಕುಸಿದದ್ದನ್ನು ಒಂದು ಹಳೆಯ ಪ್ರಯೋಗ ತೋರಿಸಿದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಹಾಗಾಗಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಊಟದ ಹಿಂದೆ ಮುಂದೆ ಕನಿಷ್ಠ ಒಂದೊಂದು ಗಂಟೆ ಕಾಫಿ, ಟೀ ಬೇಡವೆಂದು ಹೇಳಿದೆ. ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ದಾಟಬಾರದು ಎಂದೂ ಇದೆ. 150 ಮಿಲಿಲೀಟರ್ ಕುದಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಗರ್ಭಿಣಿಯರು 200 ಮಿಲಿಗ್ರಾಂ ಒಳಗೇ ಇರುವುದು ಕ್ಷೇಮ. ಗರ್ಭಿಣಿಯ ದೇಹದಿಂದ ಕೆಫೀನ್ ಹೊರಹೋಗಲು ಬಹಳ ಹೊತ್ತು ಬೇಕು, ಕೊನೆಯ ತಿಂಗಳುಗಳಲ್ಲಂತೂ ಮಾಮೂಲಿಗಿಂತ ಸುಮಾರು ಮೂರು ಪಟ್ಟು.

ಬಾಣಂತಿಗೆ ಮೆಣಸು ಒಳ್ಳೆಯದೆಂದು ನಮ್ಮ ಹಿರಿಯರು ಧಾರಾಳವಾಗಿ ಕೊಡುತ್ತಾರೆ. ಮೆಣಸು ಇರಲಿ, ಕಾಫಿಯನ್ನು ಮಿತಿಯಲ್ಲಿಡಿ. ಎದೆಹಾಲಿನ ಮೂಲಕ ಕೆಫೀನ್ ಮಗುವಿಗೂ ಹೋಗುತ್ತದೆ. ಅದರ ಅರ್ಧಭಾಗ ನವಜಾತ ಶಿಶುವಿನ ಮೈಯಿಂದ ಹೊರಹೋಗಲು ಮೂರು ದಿನಕ್ಕೂ ಹೆಚ್ಚು ಬೇಕು. ಮಗು ಕಾರಣವಿಲ್ಲದೆ ರಚ್ಚೆ ಹಿಡಿಯುತ್ತಿದ್ದರೆ ನಿಮ್ಮ ಲೋಟಗಳನ್ನೊಮ್ಮೆ ಎಣಿಸಿ ನೋಡಿ.

ಸಣ್ಣ ಮಕ್ಕಳಿಗೆ ಕೆಮ್ಮಿಗೆಂದು ಈ ಕಾಫಿ ಕೊಡಲೇಬೇಡಿ. ಇಡೀ ಕಾಳು ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಕಾಫಿಯ ಬದಲು ಮೆಣಸಿನ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವವರಿದ್ದಾರೆ, ಒಂದು ವರ್ಷ ತುಂಬದ ಮಗುವಿಗೆ ಜೇನೂ ಕೂಡದು. ಕೆಮ್ಮುವ ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಇಲ್ಲವೇ ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ನ್ಯುಮೋನಿಯಾ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ರಮಝಾನ್‌ನಲ್ಲಿ

ಹದಿಮೂರು ಹದಿನಾಲ್ಕು ಗಂಟೆ ಬರಿದಾಗಿದ್ದ ಹೊಟ್ಟೆಗೆ ಇಫ್ತಾರ್‌ನ ಮೊದಲ ಗುಟುಕಾಗಿ ಮೆಣಸಿನ ಕಾಫಿ ಕೊಟ್ಟರೆ ಎದೆಯುರಿ ಬರದೆ ಇರುವುದು ಕಷ್ಟ. ಕಾಫಿಯೂ ಖಾರವೂ ಎರಡೂ ಹೊಟ್ಟೆಯನ್ನು ಕೆರಳಿಸುವಂಥವು. ಗ್ಯಾಸ್ಟ್ರಿಕ್, ಅಲ್ಸರ್ ಇರುವವರಿಗೆ ಆ ತಿಂಗಳು ಇದು ಬೇಡವೇ ಬೇಡ. ಉಳಿದವರು ಖರ್ಜೂರ, ನೀರು, ಮಗ್ರಿಬ್ ನಮಾಝ್, ಊಟ ಎಲ್ಲ ಮುಗಿಸಿ ಒಂದು ಗಂಟೆಯ ನಂತರ ಅರ್ಧ ಲೋಟ ಕುಡಿಯಬಹುದು. ತರಾವೀಹ್ ಮುಗಿಸಿ ಬಂದ ಮೇಲೆ ಬೇಡ. ಕುಡಿದ ಐದು ಗಂಟೆಯ ನಂತರವೂ ಕೆಫೀನ್‌ನ ಅರ್ಧಭಾಗ ಮೈಯಲ್ಲಿ ಇರುತ್ತದೆ, ಸಹರಿಯವರೆಗಿನ ಸಣ್ಣ ನಿದ್ದೆಯೂ ಹಾಳು.

ಮೊದಲ ಎರಡು ಮೂರು ಉಪವಾಸಗಳಲ್ಲಿ ಮಧ್ಯಾಹ್ನ ತಲೆ ಸಿಡಿಯುವುದು ಹಸಿವಿನಿಂದಲೇ ಎಂದು ಭಾವಿಸಬೇಡಿ. ದಿನಕ್ಕೆ ನಾಲ್ಕು ಕಪ್ ಕುಡಿಯುತ್ತಿದ್ದವರಿಗೆ ಕಾಫಿ ನಿಂತದ್ದರಿಂದಲೂ ತಲೆನೋವು ಬರುತ್ತದೆ. ಶಅಬಾನ್‌ನ ಕೊನೆಯ ವಾರದಲ್ಲಿ ದಿನಕ್ಕೆ ಅರ್ಧ ಕಪ್‌ನಂತೆ ಇಳಿಸುತ್ತಾ ಬಂದರೆ ಈ ಕಾಟ ಬಹಳ ಕಡಿಮೆ.

ಅಂಗಡಿಯಲ್ಲಿ ಕೊಳ್ಳುವಾಗ

ಕಾಳುಮೆಣಸಿಗೆ ಒಣಗಿದ ಪಪ್ಪಾಯಿ ಬೀಜ ಬೆರೆಸುವುದು ಹಳೆಯ ಮೋಸ. ಒಂದು ಲೋಟ ನೀರಿಗೆ ಒಂದು ಚಮಚ ಕಾಳು ಹಾಕಿ. ಒಳ್ಳೆಯ ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ತೇಲಿದ್ದೆಲ್ಲವೂ ಪಪ್ಪಾಯಿಯೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲಬೇಡಿ, ಜೊಳ್ಳು ಮೆಣಸೂ ತೇಲುತ್ತದೆ. ತೇಲಿದ್ದನ್ನು ಕಚ್ಚಿ ನೋಡಿದರೆ ಖಾರದಲ್ಲಿ ಗೊತ್ತಾಗುತ್ತದೆ. ಕಾಫಿಪುಡಿಯನ್ನೂ ಹೀಗೆಯೇ ತಣ್ಣೀರಿನ ಮೇಲೆ ಉದುರಿಸಿ ನೋಡಬಹುದು. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಬೇಗ ಮುಳುಗುತ್ತದೆ. ಚಿಕೋರಿ ಬೆರೆಸುವುದು ಕಾನೂನುಬಾಹಿರವಲ್ಲ. ಆದರೆ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು.

ಮೆಣಸನ್ನು ಕಾಳಾಗಿಯೇ ಕೊಳ್ಳಿ. ಪುಡಿ ಮಾಡಿದರೆ ಪರಿಮಳದ ಎಣ್ಣೆ ಹಾರಿಹೋಗುತ್ತದೆ, ಬೆಳಕು ತಾಗಿದರೆ ಪೈಪರಿನ್‌ನ ಖಾರವೂ ಕುಂದುತ್ತದೆ. ಗಾಜಿನ ಬಾಟಲಿ ಚೆಂದ ಕಾಣುತ್ತದೆಂದು ಕಿಟಕಿಯ ಬಳಿ ಇಡುವವರು ಅದನ್ನು ಕಪಾಟಿನ ಒಳಗಿಡಿ. ಮಳೆಗಾಲದಲ್ಲಿ ಕಾಳಿನ ಮೇಲೆ ಬಿಳಿ ಬೂಸ್ಟು ಕಂಡರೆ ತೊಳೆದು ಒಣಗಿಸಿ ಬಳಸುವ ಉಳಿತಾಯ ಬೇಡ, ಎಸೆದುಬಿಡಿ. ಒದ್ದೆ ಚಮಚವನ್ನು ಡಬ್ಬಿಗೆ ಹಾಕದಿದ್ದರೆ ಬೂಸ್ಟು ಬರುವುದೂ ಅಪರೂಪ.